ಕತ್ತರಿ ತಾಗದ ಬಟ್ಟೆ

“ಇದು ಮೂಲೆಮನೆ ಮೇಷ್ಟ್ರ ಮಗಳ ಗೌನು,” ಎಂದಳು ಅಮ್ಮ, ಮಡಿಕೆಯೊಳಗೆ ಹೆಬ್ಬೆರಳು ತೂರಿಸಿ ಬಟ್ಟೆಯನ್ನು ಉಜ್ಜುತ್ತ. “ಸೊಂಟದವರೆಗೂ ಬಿಗಿ. ಅಲ್ಲಿಂದ ಕೆಳಗೆ ಸಡಿಲ ಅಂದ್ರೆ ಸಡಿಲ. ಅವಳು ಒಂದು ಸುತ್ತು ತಿರುಗಿದ್ರೆ ನೆರಿಗೆಯೆಲ್ಲ ಒಂಚೂರು ತಡವಾಗಿ ಅವಳ ಹಿಂದೆ ತಿರುಗಬೇಕು.”

ಅಲ್ಲಿ ಗೌನೂ ಇರಲಿಲ್ಲ, ನೆರಿಗೆಯೂ ಇರಲಿಲ್ಲ. ಇದ್ದದ್ದು ಅಂಚೆಲ್ಲ ಹಳದಿಗಟ್ಟಿದ ಒಂದು ಬಿಳಿ ಬಟ್ಟೆ. ಮೇಷ್ಟ್ರ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಕಿರಿಮಗಳು ಸೂಜಿ ಅದನ್ನು ತಾಯಿಯ ಕೈಯಿಂದ ತೆಗೆದುಕೊಂಡು ಬಾಗಿಲ ಬಳಿಯ ಗೋಣಿಚೀಲಕ್ಕೆ ತುರುಕಿದಳು.

“ಆಯ್ತು, ತಿರುಗಿದ್ಲು. ಮುಂದಿನದು ಯಾವುದು?”

ಸೂಜಿ ಎಂಬುದು ಅವಳ ಹೆಸರಲ್ಲ. ಚಿಕ್ಕವಳಿದ್ದಾಗ ಕಡ್ಡಿಯಂತಿದ್ದಳು, ನಾಲಗೆಯೂ ಚುಚ್ಚುತ್ತಿತ್ತು. ದರ್ಜಿಯಮ್ಮನ ಕಿರಿಮಗಳಿಗೆ ಬೀದಿಯವರು ಇನ್ನೇನು ಹೆಸರಿಟ್ಟಾರು? ಈಗ ಕಡ್ಡಿ ಹೋಗಿ ಎಷ್ಟೋ ಕಾಲವಾಗಿದೆ. ನಾಲಗೆ ಮಾತ್ರ ಹಾಗೇ ಇದೆ. ತಾಯಿಯ ನಂತರ ಈ ಅಂಗಡಿಯನ್ನು ನಡೆಸಿದವಳು ಅವಳೇ. ಕಟ್ಟಡದ ಮಾಲೀಕರು ಇದನ್ನು ಕೆಡವಿ ಹೊಸದು ಎಬ್ಬಿಸುತ್ತಾರಂತೆ. ಹೊಲಿಗೆ ಯಂತ್ರಗಳನ್ನು ಆಗಲೇ ಹೊಸ ಜಾಗಕ್ಕೆ ಸಾಗಿಸಿಯಾಗಿತ್ತು. ಉಳಿದದ್ದು ಒಳಕೋಣೆಯ ಆ ಹಳೆಯ ಬೀರು ಮತ್ತು ಅದರ ತುಂಬ ಕತ್ತರಿ ಕಾಣದೆ ಉಳಿದ ಬಟ್ಟೆಗಳು. ಸಂಜೆಗೆ ಹಳೆ ಬಟ್ಟೆಯವನು ಗಾಡಿ ತರುತ್ತೇನೆಂದು ಹೇಳಿದ್ದ. ಅಷ್ಟರೊಳಗೆ ಚೀಲ ತುಂಬಿಸಿಬಿಡೋಣವೆಂದರೆ ಅಮ್ಮ ಒಂದೊಂದನ್ನೂ ಮುಟ್ಟಿ, ಅದು ಏನಾಗಬೇಕಿತ್ತೆಂದು ಹೇಳದೆ ಬಿಡುತ್ತಿರಲಿಲ್ಲ.

ಅಮ್ಮನಿಗೆ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ತಿಳಿಯುತ್ತಿತ್ತು. ಆದರೆ ಬೆರಳಿಗೆ ಏನೂ ಆಗಿರಲಿಲ್ಲ. ಬಟ್ಟೆ ಕೈಗೆ ಬಂದರೆ ಸಾಕು, ಹತ್ತಿಯೋ ಉಣ್ಣೆಯೋ, ಯಾರು ತಂದದ್ದು, ಅವತ್ತು ಅವರು ಯಾವ ಗತ್ತಿನಲ್ಲಿ ನಿಂತಿದ್ದರು, ಎಲ್ಲ ಒಂದರ ಹಿಂದೊಂದು ಬರುತ್ತಿತ್ತು.

ಅವಳ ಕಸುಬಿನ ರೀತಿಯೇ ಹಾಗಿತ್ತು. ಬೇರೆ ದರ್ಜಿಗಳು ಅಳತೆ ತೆಗೆದು ಕತ್ತರಿ ಹಾಕುತ್ತಿದ್ದರು. ಅಮ್ಮ ಮೊದಲು ಹೇಳುತ್ತಿದ್ದಳು. ಬಂದವರನ್ನು ಕೋಣೆಯ ನಡುವೆ ನಿಲ್ಲಿಸಿ, ತಂದ ಬಟ್ಟೆಯನ್ನು ಅವರ ಹೆಗಲ ಮೇಲೆ ಹಾಕಿ, “ಕಣ್ಮುಚ್ಚಿ,” ಎನ್ನುತ್ತಿದ್ದಳು. ಆಮೇಲೆ ಅವರ ಸುತ್ತ ನಿಧಾನಕ್ಕೆ ಸುತ್ತುತ್ತ, ಬೆರಳಿನಿಂದ ಅಲ್ಲಲ್ಲಿ ಮುಟ್ಟುತ್ತ, ಇನ್ನೂ ಹುಟ್ಟದ ಉಡುಪನ್ನು ಬಾಯಲ್ಲಿ ಹೊಲಿಯುತ್ತಿದ್ದಳು. ಇಲ್ಲಿ ಕಾಲರು ಕೂರುತ್ತೆ. ಇಲ್ಲಿ ಒಂದು ಮಡಿಕೆ, ಕೂತಾಗ ಬಿಚ್ಚಿಕೊಳ್ಳುತ್ತೆ, ಎದ್ದಾಗ ಮುಚ್ಚಿಕೊಳ್ಳುತ್ತೆ. ಮೆಟ್ಟಿಲು ಹತ್ತುವಾಗ ಹಿಂದಿನವರಿಗೆ ಈ ಅಂಚು ಕಾಣುತ್ತೆ. ಕೇಳಿದವರಿಗೆ ಕಣ್ಣಿಗೆ ಕಟ್ಟಿದ ಹಾಗಾಗುತ್ತಿತ್ತು. ಪೂರ್ತಿ ಕೇಳಿ “ಹೂಂ” ಅಂದರೆ ಮಾತ್ರ ಕತ್ತರಿ. ಒಂಚೂರು ತಡವರಿಸಿದರೆ, “ಬಟ್ಟೆ ಇಲ್ಲೇ ಇರ್ಲಿ, ಯೋಚನೆ ಮಾಡ್ಕೊಂಡು ಬನ್ನಿ,” ಎಂದು ಕಳಿಸಿಬಿಡುತ್ತಿದ್ದಳು. ಕೆಲವರು ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ. ಬೀರು ತುಂಬಿದ್ದು ಹೀಗೆ.

“ಇದು ಅಂಚೆಯವರ ಸೂಟು,” ಎಂದಳು ಅಮ್ಮ ಮುಂದಿನ ಬಟ್ಟೆಯನ್ನು ಮುಟ್ಟಿದ ಕೂಡಲೇ, ಮತ್ತು ನಗತೊಡಗಿದಳು.

ಸೂಜಿಗೂ ನಗು ತಡೆಯಲಾಗಲಿಲ್ಲ. ಅಂಚೆಯವರು ಈ ಬೂದುಬಣ್ಣದ ಬಟ್ಟೆಯನ್ನು ಕೊಟ್ಟುಹೋದ ಮೇಲೆ ತಿಂಗಳಿಗೊಮ್ಮೆಯಾದರೂ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, “ಇನ್ನೊಂದ್ಸಲ ಹೇಳಿಬಿಡಿ ತಾಯಿ,” ಎಂದು ಎದೆ ಉಬ್ಬಿಸಿ ನಿಲ್ಲುತ್ತಿದ್ದರು. ಅಮ್ಮ ಹೇಳುತ್ತಿದ್ದಳು. ಅವರು ಕಣ್ಣು ಮುಚ್ಚಿಕೊಂಡು ಆ ಸೂಟಿನಲ್ಲಿ ಒಂದಷ್ಟು ಹೊತ್ತು ಓಡಾಡಿ, ಉದ್ದದ ಉಸಿರು ಬಿಟ್ಟು, “ಸಾಕು, ಈ ತಿಂಗಳಿಗೆ,” ಎಂದು ಖಾಕಿ ಅಂಗಿಯಲ್ಲೇ ಹೊರಟುಹೋಗುತ್ತಿದ್ದರು. ಹೊಲಿಸುವ ಮಾತನ್ನು ಮಾತ್ರ ಎತ್ತಲಿಲ್ಲ, ಪುಣ್ಯಾತ್ಮ.

“ಸುಮ್ನೆ ಅಲ್ಲ, ಹೊಲಿಸಿದ್ರೆ ಅವರ ಹೊಟ್ಟೆ ಕಾಣಿಸಿಬಿಡೋದು,” ಎಂದಳು ಬೀರುವಿನ ಮುಂದೆ ನೆಲದಲ್ಲಿ ಕೂತಿದ್ದ ಅಕ್ಕ.

ಅಕ್ಕ ಎರಡು ದಿನದ ಮಟ್ಟಿಗೆ ತನ್ನ ಊರಿನಿಂದ ಬಂದಿದ್ದಳು. ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಧ್ವನಿ ಇನ್ನೂ ಹಾಗೇ, ಮೆತ್ತಗೆ, ಸ್ವಲ್ಪ ದೂರದಿಂದ ಬಂದಂತೆ. ಅಕ್ಕತಂಗಿಯರ ನಡುವೆ ಜಗಳವೇನೂ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು, ಕೂಗಾಡಿ ಮುಗಿಸಬಹುದಿತ್ತು. ಇವರ ನಡುವೆ ಇದ್ದದ್ದು ಮರ್ಯಾದೆ. “ಚಹಾ ಮಾಡ್ಲಾ ಅಕ್ಕ?” “ನಿಂಗೆ ತೊಂದ್ರೆ ಇಲ್ದಿದ್ರೆ ಮಾಡು.” ಒಂದೇ ಹಾಸಿಗೆಯಲ್ಲಿ ಒದ್ದಾಡಿ ಬೆಳೆದ ಇಬ್ಬರು ಹೀಗೆ ಮಾತಾಡಿಕೊಳ್ಳುವುದನ್ನು ಕೇಳಿದರೆ ಹೊಸ ಪರಿಚಯದವರೆಂದೇ ಯಾರಾದರೂ ತಿಳಿಯಬೇಕು.

ಇದಕ್ಕೆಲ್ಲ ಕಾರಣ ಒಂದು ಕೋಟು. ಹೇಳಿಕೊಂಡರೆ ನಾಚಿಕೆ, ಅದಕ್ಕೇ ಸೂಜಿ ಯಾರಿಗೂ ಹೇಳಿಕೊಂಡಿರಲಿಲ್ಲ.

ಆಗ ಅವಳು ಇನ್ನೂ ಶಾಲೆಯಲ್ಲಿದ್ದಳು. ಅಕ್ಕನಿಗೆ ದೂರದ ಚಳಿ ಊರಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ಸಂಜೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅಮ್ಮ ಒಂದು ನೀಲಿ ಉಣ್ಣೆ ಬಟ್ಟೆಯನ್ನು ತೆಗೆದು ಸೂಜಿಯ ಹೆಗಲಿಗೆ ಹಾಕಿದಳು. ಅಂಥ ನೀಲಿಯನ್ನು ಸೂಜಿ ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕತ್ತಲಾಗುವ ಮೊದಲು ಒಂದು ಗಳಿಗೆ ಇರುತ್ತದಲ್ಲ, ಅದು. ಗಿರಾಕಿಗಳಿಗೆ ಹೇಳುತ್ತಿದ್ದ ಅಮ್ಮ ಅವತ್ತು ಮೊದಲ ಸಲ ತನ್ನ ಮಗಳಿಗೆ ಹೇಳಿದಳು. ಮೊಣಕಾಲು ಮುಚ್ಚುವಷ್ಟು ಉದ್ದ. ಕಾಲರನ್ನು ಎತ್ತಿದರೆ ಕಿವಿ ಬೆಚ್ಚಗಾಗಬೇಕು. ಎಡಗಡೆ ಒಳಗೆ ಒಂದು ಕಳ್ಳಜೇಬು, ಅದರಲ್ಲಿ ಏನಿಟ್ಟಿದ್ದೀಯಾ ಅಂತ ಅಮ್ಮನಾದ ನಾನೂ ಕೇಳಲ್ಲ. ಸೂಜಿ ಕಣ್ಣು ಮುಚ್ಚಿ ನಿಂತೇ ಇದ್ದಳು. ಕೋಟಿನ ತೂಕ, ಒಳಪದರದ ನುಣುಪು, ನಡೆದಾಗ ಅಂಚು ಕಾಲಿಗೆ ತಾಗುವುದು, ಎಲ್ಲ ಮೈಗೆ ಗೊತ್ತಾಗಿಹೋಯಿತು. “ಇದು ನಿಂಗೆ ಕಣೇ,” ಎಂದಿದ್ದಳು ಅಮ್ಮ. “ಅಕ್ಕಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ.”

ಕೆಲವು ದಿನ ಕಳೆದು, ಒಂದು ಮಧ್ಯಾಹ್ನ ಅಮ್ಮ ಆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣ ಪಕ್ಕಕ್ಕಿಟ್ಟು ಕತ್ತರಿ ಎತ್ತಿದ್ದನ್ನು ಸೂಜಿ ಬಾಗಿಲಲ್ಲಿ ನಿಂತು ನೋಡಿದಳು. ಅಮ್ಮ ತಲೆ ಎತ್ತಿದಳು, ಏನನ್ನಿಸಿತೋ, “ಹೋಗಿ ನೀರು ತಗೊಂಡು ಬಾ,” ಎಂದಳು. ಮಾರನೆಯ ದಿನವೇ ಬಾಣಂತಿ ಚಿಕ್ಕಮ್ಮನಿಗೆ ಜೊತೆಯಿರಲೆಂದು ಸೂಜಿಯನ್ನು ಅವರ ಮನೆಗೆ ಕಳಿಸಿದರು. ತಿರುಗಿ ಬರುವಷ್ಟರಲ್ಲಿ ಅಕ್ಕ ಕೆಲಸದ ಊರಿಗೆ ಹೊರಟುಹೋಗಿದ್ದಳು. ಮೇಜಿನ ಮೇಲೆ ನೀಲಿ ಬಟ್ಟೆ ಇರಲಿಲ್ಲ. ಇನ್ನು ಕೇಳುವುದೇನಿತ್ತು? “ಎಲ್ಲಿ ನನ್ನ ಕೋಟು?” ಎಂದು ಬಾಯಿ ಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಸೂಜಿ ಕೇಳಲಿಲ್ಲ. ಅಮ್ಮನೂ ತುಟಿಪಿಟಕ್ಕೆನ್ನಲಿಲ್ಲ. ಅಕ್ಕ ಮೊದಲ ರಜೆಗೆ ಬಂದಾಗ ಬಿರುಬೇಸಿಗೆ, ಆಗ ಕೋಟು ತರುವವರು ಯಾರು? ಆ ಹೊತ್ತಿಗೆ ಸೂಜಿಯ ಮನಸ್ಸಿನಲ್ಲಿ ಅಕ್ಕ ನೀಲಿ ಕೋಟು ತೊಟ್ಟು ರೈಲು ಹತ್ತಿಯಾಗಿತ್ತು. ಕಾಲರು ಎತ್ತಿಕೊಂಡಿದ್ದಳು, ಕೈ ಕಳ್ಳಜೇಬಿನಲ್ಲಿತ್ತು. ಆ ಚಿತ್ರ ಎಷ್ಟು ಗಟ್ಟಿಯಾಗಿತ್ತೆಂದರೆ, ಅಂದು ತಾನು ನಿಲ್ದಾಣದಲ್ಲಿ ಇರಲೇ ಇಲ್ಲವೆಂಬುದು ಅವಳಿಗೇ ಮರೆತುಹೋಗಿತ್ತು.

“ಕೆಳಗೆ ಇನ್ನೊಂದು ಗಂಟಿದೆ,” ಎಂದಳು ಅಕ್ಕ.

ಬೀರುವಿನ ತಳದ ಅರೆಯಲ್ಲಿ, ಹಳೆಯ ಹಾಸುಬಟ್ಟೆಯಲ್ಲಿ ಸುತ್ತಿದ ಗಂಟು. ಹಿಂಬದಿಯ ಹಲಗೆಗೆ ಅಂಟಿಕೊಂಡಿತ್ತು. ಅಕ್ಕ ಅರ್ಧ ಬೀರುವಿನೊಳಗೆ ನುಗ್ಗಿ ಅದನ್ನು ಎಳೆದು, ಕೆಮ್ಮುತ್ತ, ಮಡಿಲಲ್ಲಿಟ್ಟುಕೊಂಡು ಬಿಚ್ಚಿದಳು. ಬಿಚ್ಚಿದವಳು ಹಾಗೇ ಕೂತುಬಿಟ್ಟಳು.

ಒಳಗಿದ್ದದ್ದು ಅದೇ ನೀಲಿ. ಸೂಜಿ, ಕೋಟು ಹೊಲಿದು ಉಳಿದ ತುಂಡಿರಬೇಕು ಎಂದುಕೊಂಡಳು. ಬಗ್ಗಿ ಎತ್ತಿದಳು. ತುಂಡಿನ ತೂಕವಲ್ಲ ಅದು. ಇಷ್ಟು ವರ್ಷ ಬಟ್ಟೆ ಎತ್ತಿ ಇಳಿಸಿದ ಕೈಗೆ ಅಷ್ಟು ತಿಳಿಯದೇ? ಬೀರುವಿನ ನೆರಳಲ್ಲೇ ಒಂದು ಮಡಿಕೆ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಅಂಚಿನಲ್ಲಿ ಗಿರಣಿಯ ಮುದ್ರೆ ಹಾಗೇ ಇತ್ತು. ನಡುವೆ ಸೀಮೆಸುಣ್ಣದ ಒಂದು ಗೆರೆ, ಬೆರಳು ತಾಗಿದರೆ ಉದುರುವಷ್ಟು ಮಾಸಿದ್ದು. ಕತ್ತರಿ ಎಲ್ಲೂ ತಾಗಿರಲಿಲ್ಲ.

“ಇದು ನಿನ್ ಕೋಟಿನ ಬಟ್ಟೆ ಅಲ್ವೇನೇ?” ಎಂದಳು ಅಕ್ಕ.

“ನನ್ದಾ? ನೀನು ಹಾಕ್ಕೊಂಡು ಹೋದ್ಯಲ್ಲ.”

“ನಾನು ಹೋಗಿದ್ದು ಅಪ್ಪನ ಶಾಲು ಹೊದ್ಕೊಂಡು. ತೂತು ಬಿದ್ದಿತ್ತು ಅದು. ಮೊದಲ ವರ್ಷ ಪೂರ್ತಿ ಹಲ್ಲು ಕಟಕಟ ಅನ್ನೋದು, ಫೋನಲ್ಲಿ ಮಾತಾಡೋರು ಲೈನೇ ಸರಿ ಇಲ್ಲ ಅಂತ ಬೈಯೋರು.” ಅಕ್ಕ ತನ್ನ ಆ ಮೆತ್ತನೆಯ ಧ್ವನಿಯಲ್ಲೇ ಮುಂದುವರಿಸಿದಳು: “ಜೊತೆ ಹುಡುಗೀರು, ಅಮ್ಮ ದರ್ಜಿ ಅಂತೀಯ, ಒಂದು ಕೋಟಿಲ್ವಾ ನಿಂಗೆ ಅಂದ್ರೆ, ಮನೇಲಿ ತಂಗಿ ಬೆಚ್ಚಗಿದ್ದಾಳೆ ಅಂತಿದ್ದೆ. ಪ್ರೀತಿಯಿಂದ ಅಲ್ಲ ಕಣೇ. ಹೊಟ್ಟೆ ಉರಿದು ಅಂತಿದ್ದೆ.”

ಸೂಜಿ ಗೋಣಿಚೀಲದ ಮೇಲೇ ಕೂತಳು. ಅಂಚೆಯವರ ಸೂಟು ಕೆಳಗೆ ಮೆತ್ತಗಾಯಿತು.

“ಏನದು? ಯಾಕಿಬ್ಬರೂ ಪಿಸಪಿಸ ಅಂತಿದೀರ?” ಎಂದಳು ಅಮ್ಮ ಕುರ್ಚಿಯಿಂದ. “ಕೊಡಿ ಇಲ್ಲಿ.”

ಯಾರೂ ಕೊಡಲಿಲ್ಲ. ಅಮ್ಮ ಕೈ ಚಾಚಿ ಗಾಳಿಯಲ್ಲಿ ತಡಕಾಡಿದಳು. ಅಕ್ಕ ಬಟ್ಟೆಯ ಒಂದು ತುದಿಯನ್ನು ಆ ಕೈಗೆ ತಾಗಿಸಿದಳು. ಅಮ್ಮನ ಬೆರಳು ಒಮ್ಮೆ ಉಜ್ಜಿತು, ನಿಂತಿತು. ಮುಖದಲ್ಲಿದ್ದ ನಗು ಇಳಿದುಹೋಯಿತು.

“ಸಿಕ್ತಾ,” ಎಂದಳು.

“ಸಿಕ್ತು,” ಎಂದಳು ಸೂಜಿ. “ಇದು ಯಾರ ಕೋಟು, ಹೇಳು. ಬೀದಿಯವರೆಲ್ಲರದ್ದೂ ಹೇಳಿದ್ಯಲ್ಲ ಬೆಳಗಿಂದ.”

ಅಮ್ಮ ಬಟ್ಟೆಯ ಅಂಚನ್ನು ನೀವಿದಳು. “ಒಂದು ಕೋಟಿಗೆ ಆಗುವಷ್ಟು ಬಟ್ಟೆ ಇದು. ಮೊದಲು ಅವಳಿಗೆ ಹೇಳ್ದೆ. ಚಳಿಗೆ ಹೋಗೋಳು ಅಂತ. ಚಿಕ್ಕವಳಿಗೆ ಹೇಳ್ಬೇಡ ಅಂದೆ. ಆಮೇಲೆ ಒಂದಿನ ನೀನು ನನ್ ಮುಂದೆ ಓಡಾಡ್ತಿದ್ದೆ, ಅಕ್ಕನ ಹಳೇ ಅಂಗಿ ಹಾಕ್ಕೊಂಡು. ಯಾವತ್ತೂ ಅವಳ ಹಳೇದೇ ನಿಂಗೆ. ಮನಸ್ಸು ತಡೀಲಿಲ್ಲ. ನಿಂಗೂ ಹೇಳಿಬಿಟ್ಟೆ.”

“ಹೇಳುವಾಗ ಗೊತ್ತಾಗ್ಲಿಲ್ವಾ, ಇರೋದು ಒಂದಕ್ಕೇ ಅಂತ?”

“ಹೇಳುವಾಗ ಬಟ್ಟೆ ಎಷ್ಟು ಬೇಕಾದ್ರೂ ಇರುತ್ತಲ್ಲೇ.” ಅಮ್ಮ ತಪ್ಪು ಸಿಕ್ಕಿಬಿದ್ದ ಮಗುವಿನಂತೆ ತಲೆ ತಗ್ಗಿಸಿದಳು. “ಇನ್ನೊಂದು ತರೋಣ ಅಂತ ಹೋದೆ. ಆ ನೀಲಿ ಮತ್ತೆ ಬರಲ್ಲ ಅಂದ ಅಂಗಡಿಯವನು. ಬೇರೆ ಬಣ್ಣದಲ್ಲಿ ಒಬ್ಬಳಿಗೆ ಹೊಲಿದ್ರೆ ಅದು ನಾನು ಹೇಳಿದ ಕೋಟಾಗುತ್ತಾ?”

ಸೂಜಿ ಇಷ್ಟು ವರ್ಷ ಹೊಟ್ಟೆಯಲ್ಲಿ ಮಡಚಿಟ್ಟಿದ್ದ ಪ್ರಶ್ನೆ ಅದು, ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾರಳು. “ಅವತ್ತು ಕತ್ತರಿ ಎತ್ತಿದ್ಯಲ್ಲಮ್ಮ. ನಾನು ನೋಡ್ದೆ. ಯಾರ ಅಳತೆಗೆ ಗೆರೆ ಎಳೆದಿದ್ದೆ?”

“ಯಾಕೆ ಬೇಕೀಗ ಅದು?” ಎಂದಳು ಅಕ್ಕ ಮೆಲ್ಲಗೆ.

“ಬೇಕು.”

“ಅವಳ ಅಳತೆಗೆ,” ಎಂದಳು ಅಮ್ಮ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಹೊರಡೋಳು ಅವಳು. ನೀನು ನನ್ ಜೊತೇಲೇ ಇರೋಳು, ಹೇಗೋ ಸಮಾಧಾನ ಮಾಡ್ತೀನಿ ಅಂದ್ಕೊಂಡೆ. ಕತ್ತರಿ ಬಾಯಿ ಬಿಚ್ಚಿ ಬಟ್ಟೆಗೆ ಇಟ್ಟೂ ಇಟ್ಟೆ. ತಲೆ ಎತ್ತಿದ್ರೆ ನೀನು ಬಾಗಿಲಲ್ಲಿ. ಕೋಟು ಆಗಲೇ ಮೈಮೇಲೆ ಇರೋ ಹಾಗೆ ಭುಜ ಹಿಂದಕ್ಕೆ ಹಾಕ್ಕೊಂಡು ನಿಂತಿದ್ದೆ. ಅದನ್ನ ನಿನ್ನ ಮೈಯಿಂದ ಬಿಚ್ಚಿ ಅವಳಿಗೆ ಕೊಡೋ ಹಾಗನ್ನಿಸ್ತು. ನನ್ ಕೈಲಿ ಆಗ್ಲಿಲ್ಲ.”

“ಒಂದು ಮಾತು ಹೇಳಬಹುದಿತ್ತು ನಮಗೆ,” ಎಂದಳು ಸೂಜಿ.

“ಹೇಳೋದ್ರಲ್ಲೇ ತಾನೇ ಕೆಟ್ಟಿದ್ದು ನಾನು.”

ಸೂಜಿಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೆಂದು ಅವಳಿಗೂ ಗೊತ್ತಾಗಲಿಲ್ಲ. ಅಕ್ಕನ ಅಳತೆಗೇ ಎಂದು ಕೇಳಿದಾಗ ಚುಚ್ಚಬೇಕಿತ್ತು. ಚುಚ್ಚಿತು ಕೂಡ. ಆದರೆ ತೂತುಬಿದ್ದ ಶಾಲಿನಲ್ಲಿ ನಡುಗುತ್ತ ಪರರ ಮಾತನ್ನು ಪರರಿಗೆ ಜೋಡಿಸುತ್ತ ಕೂತ ಹುಡುಗಿಯೊಬ್ಬಳು ಅಷ್ಟರಲ್ಲಿ ಅವಳ ಕಣ್ಣ ಮುಂದೆ ಬಂದು ಕೂತಿದ್ದಳು. ನೀಲಿ ಕೋಟು ತೊಟ್ಟು ರೈಲು ಹತ್ತಿದ್ದ ಆ ಇನ್ನೊಬ್ಬಳನ್ನು ಎಷ್ಟು ಹುಡುಕಿದರೂ ಕಾಣಲಿಲ್ಲ.

“ಈಗ ಕತ್ತರಿಸು,” ಎಂದಳು ಅಮ್ಮ. “ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿದೆ. ಇಬ್ಬರೂ ಮಾತಾಡ್ಕೊಂಡು ಯಾರಿಗಾದ್ರೂ ಒಬ್ಬರಿಗೆ ಹೊಲಿ. ನಾನು ಮುಟ್ಟಿ ನೋಡ್ತೀನಿ.”

ಸೂಜಿ ಕಣ್ಣೊರೆಸಿಕೊಂಡು ಎದ್ದು, ಅಕ್ಕನ ಕೈಗೊಂದು ತುದಿ ಕೊಟ್ಟು, ಬಟ್ಟೆಯನ್ನು ಪೂರ್ತಿ ಬಿಡಿಸಿದಳು. ಇಬ್ಬರೂ ಅದನ್ನು ಕಿಟಕಿಗೆ ಅಡ್ಡವಾಗಿ ಹಿಡಿದರು. ಬಟ್ಟೆಯ ತುಂಬ ಬೆಳಕು ಚುಕ್ಕಿ ಚುಕ್ಕಿಯಾಗಿ ಒಳಗೆ ಬಂತು. ಮಡಿಕೆ ಮಡಿಕೆಯ ಗುಂಟ ಹುಳು ತಿಂದಿತ್ತು. ಅಂಗೈಯಗಲ ಜಾಗ ಸರಿಯಾಗಿ ಉಳಿದಿರಲಿಲ್ಲ. ಕೋಟಿನ ಮಾತು ಹಾಗಿರಲಿ, ಒಂದು ಟೋಪಿಗೂ ಆಗುತ್ತಿರಲಿಲ್ಲ.

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ತಲೆಯಾಡಿಸಿದಳು, ಅಮ್ಮನಿಗೆ ಹೇಳಬೇಡ ಎಂದು.

“ಸಾಲಲ್ಲಮ್ಮ,” ಎಂದಳು ಸೂಜಿ. “ಅಕ್ಕ ಎಷ್ಟು ದಪ್ಪ ಆಗಿದ್ದಾಳೆ ಗೊತ್ತಾ ನಿಂಗೆ? ಈ ಬಟ್ಟೆಗೆ ಒಂದು ತೋಳೂ ಆಗಲ್ಲ ಅವಳಿಗೆ.”

“ನಾನೇನೇ ದಪ್ಪ?” ಎಂದಳು ಅಕ್ಕ. ಟೆಲಿಫೋನ್ ಧ್ವನಿ ಎಲ್ಲಿ ಹೋಯಿತೋ. “ಇವಳೊಬ್ಬಳು ಸೂಜಿಯಾಗೇ ಉಳಿದಿದ್ದಾಳೆ ಅಂದ್ಕೋಬೇಡಮ್ಮ. ಗೋಣಿಚೀಲ ಹೊಲಿಯೋ ದಬ್ಬಳ ಆಗಿದ್ದಾಳೆ.”

ಅಮ್ಮ ನಕ್ಕಳು. ಮೂವರೂ ನಕ್ಕರು. ಆ ಕೋಣೆ ಇಂಥ ನಗು ಕೇಳಿ ಯಾವ ಕಾಲವಾಗಿತ್ತೋ. ಅಷ್ಟರಲ್ಲಿ ಹೊರಗಿನಿಂದ ಹಳೆ ಬಟ್ಟೆಯವನು “ಅಮ್ಮಾ, ಗಾಡಿ ಬಂತು,” ಎಂದು ಕೂಗಿದ. “ಸ್ವಲ್ಪ ನಿಂತ್ಕೊಳ್ಳಪ್ಪ, ಒಳಗೆ ಕೆಲಸ ನಡೀತಿದೆ,” ಎಂದಳು ಸೂಜಿ.

“ಹೊಲಿಯೋಕೆ ಸಾಲದಿದ್ರೆ ಬೇಡ,” ಎಂದಳು ಅಮ್ಮ, ಕುರ್ಚಿಯ ಕೈ ಹಿಡಿದು ಏಳುತ್ತ. “ಹೇಳೋಕೆ ಸಾಲುತ್ತೆ. ಯಾರು ಮೊದಲು? ಬನ್ನಿ.”

ಸೂಜಿ ಅಕ್ಕನನ್ನು ಮುಂದಕ್ಕೆ ದೂಡಿದಳು. ಅಕ್ಕ “ನೀನು ಹೋಗೇ” ಎಂದಳು, ಕೊಸರಿದಳು, ಕೊನೆಗೆ ಕೋಣೆಯ ನಡುವೆ ನಿಂತು, ಯಾರೂ ಹೇಳದೆಯೇ ಕಣ್ಣು ಮುಚ್ಚಿದಳು. ನರೆತ ಕೂದಲನ್ನು ಒಂದು ಕಡೆಗೆ ಸರಿಸಿ ಸೂಜಿ ಅವಳ ಹೆಗಲಿಗೆ ಬಟ್ಟೆ ಹಾಕಿದಳು, ಅಂಚು ನೆಲಕ್ಕೆ ತಾಗದಂತೆ ಬಗ್ಗಿ ಹಿಡಿದುಕೊಂಡಳು. ಅಮ್ಮ ಕಾಲರಿನಿಂದ ಶುರುಮಾಡಿದಳು. ಒಂದು ಕೈ ಮಗಳ ಬೆನ್ನ ಮೇಲಿತ್ತು. ಬೀಳಬಾರದೆಂದು ಹಿಡಿದದ್ದೋ ಅಳತೆಗೆಂದು ಹಿಡಿದದ್ದೋ ಹೇಳುವುದು ಕಷ್ಟ. ಮಾತು ಮೊದಲಿನಷ್ಟು ಸರಾಗವಾಗಿ ಬರಲಿಲ್ಲ, ನಡುನಡುವೆ ಉಸಿರಿಗಾಗಿ ನಿಂತಿತು. ಆದರೆ ಕೋಟು ಬಂತು.

ಎದೆಯ ಹತ್ತಿರ ಅಮ್ಮನ ಬೆರಳು ಒಂದು ತೂತಿನೊಳಗೆ ಇಳಿಯಿತು.

ಬೆರಳು ಅಲ್ಲೇ ನಿಂತಿತು. ಮಾತೂ ನಿಂತಿತು. ಅಮ್ಮ ಆ ತೂತಿನ ಸುತ್ತಲೂ ನಿಧಾನವಾಗಿ ಬೆರಳಾಡಿಸಿದಳು. ಸ್ವಲ್ಪ ಕೆಳಗೆ ಇನ್ನೊಂದು ಸಿಕ್ಕಿತು, ಅದರ ಪಕ್ಕಕ್ಕೆ ಮತ್ತೊಂದು. ಕುರುಡು ಕಣ್ಣು ಕಿಟಕಿಯ ಕಡೆಗಿತ್ತು.

“ಇಲ್ಲಿ ಮೊದಲನೇ ಗುಂಡಿಯ ಕಾಜ,” ಎಂದಳು ಅಮ್ಮ. “ಇಲ್ಲಿ ಎರಡನೇದು. ಇದು ಮೂರನೇದು.” ತುಟಿಯಂಚು ಒಂದಿಷ್ಟು ಅಲುಗಿತು. “ಈ ಕೋಟಿಗೆ ಗುಂಡಿ ಸ್ವಲ್ಪ ಜಾಸ್ತಿ ಕಣ್ರೇ. ಗಾಳಿ ಒಳಗೆ ನುಗ್ಗಬಾರದು ನೋಡಿ.”

ಅಕ್ಕ ಕಣ್ಣು ತೆರೆಯಲಿಲ್ಲ. ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಕೈಯೆತ್ತಿ, ಅಮ್ಮ ಹೇಳಿದ ಜಾಗದಲ್ಲೆಲ್ಲ ಒಂದೊಂದಾಗಿ, ಇಲ್ಲದ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೂ ಹಾಕಿಕೊಂಡಳು. ಪೂರ್ತಿ ಹೇಳಿ ಮುಗಿದ ಮೇಲೆ “ಹೂಂ” ಎಂದಳು.

“ಇನ್ನು ಅವಳಿಗೆ ಕೊಡು,” ಎಂದಳು ಅಮ್ಮ.

ಅಕ್ಕ ಬಟ್ಟೆಯನ್ನು ತನ್ನ ಹೆಗಲಿಂದ ತೆಗೆದು ತಂಗಿಯ ಹೆಗಲಿಗೆ ಹಾಕಿ, ಕತ್ತಿನ ಹತ್ತಿರ ಎರಡೂ ಅಂಚು ಕೂಡಿಸಿ ಹಿಡಿದಳು. ಸೂಜಿ ಭುಜ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದಳು. ಬಟ್ಟೆಯಲ್ಲಿ ಅಕ್ಕನ ಮೈಬಿಸಿ ಇನ್ನೂ ಇತ್ತು.